ಗೀಟು, ಯೂನಿಟ್ಟು ಮತ್ತು ಲಾರೆನ್ಸ್ ಡಾಕ್ಟರು

ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್, ಬೆಸ್ಟ್ ಹೆಸರು ಎಲ್ಲರಿಗೂ ಗೊತ್ತು. ಆದರೆ ಆ ಔಷಧವನ್ನು ಕೈಯಲ್ಲಿಟ್ಟುಕೊಂಡು ದಿನದಿನವೂ ಬದುಕುವುದು ಹೇಗೆ ಎಂದು ಕಲಿಸಿದವರು ರಾಬರ್ಟ್ ಡೇನಿಯಲ್ ಲಾರೆನ್ಸ್. ಟೈಪ್ ಒನ್ ಮಧುಮೇಹ ಇರುವ ನನ್ನಂಥವರಿಗೆ ಅವರು ಒಬ್ಬ ಹಿರಿಯಣ್ಣ ಇದ್ದ ಹಾಗೆ.

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 1892ರಲ್ಲಿ ಹುಟ್ಟಿದ ಅವರು ಅಲ್ಲೇ ವೈದ್ಯಕೀಯ ಓದಿದರು. ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಭಾರತದ ಗಡಿನಾಡಿಗೂ ಬಂದಿದ್ದರು. ಆಮಶಂಕೆ ಹಿಡಿದು 1919ರಲ್ಲಿ ಸೇನೆ ಬಿಡಬೇಕಾಯಿತು. ಮುಂದೆ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆ ಸೇರಿದರು. ಒಂದು ದಿನ ಶವದ ಮೇಲೆ ಕಿವಿಯ ಹಿಂದಿನ ಮೂಳೆಯ ಆಪರೇಷನ್ ಅಭ್ಯಾಸ ಮಾಡುತ್ತಿದ್ದಾಗ ಮೂಳೆಯ ಚೂರೊಂದು ಸಿಡಿದು ಕಣ್ಣಿಗೆ ಬಿತ್ತು. ಕಣ್ಣಿಗೆ ಸೋಂಕಾಯಿತು, ತಪಾಸಣೆ ಮಾಡಿದರೆ ಮಧುಮೇಹ! ಸರ್ಜನ್ ಆಗುವ ಕನಸು ಅಲ್ಲಿಗೆ ಮುಗಿಯಿತು.

ಆಗ ಇದ್ದ ಚಿಕಿತ್ಸೆ ಎಂದರೆ ಅರೆಹೊಟ್ಟೆ. ಎಷ್ಟು ಕಡಿಮೆ ತಿಂದರೆ ಅಷ್ಟು ದಿನ ಹೆಚ್ಚು ಬದುಕು. ತಾವು ಸಾಯುವುದನ್ನು ಮನೆಯವರು ನೋಡುವುದು ಬೇಡವೆಂದು ಲಾರೆನ್ಸ್ ಇಟಲಿಯ ಫ್ಲಾರೆನ್ಸ್‌ಗೆ ಹೋಗಿ ವೈದ್ಯವೃತ್ತಿ ಶುರುಮಾಡಿದರು. 1923ರ ಮೇ ತಿಂಗಳಲ್ಲಿ, ಮೈ ಸೊರಗಿ ನರಗಳೂ ಸೋಲುತ್ತಿದ್ದಾಗ, ಹಳೆಯ ಸಹೋದ್ಯೋಗಿ ಹ್ಯಾರಿಸನ್ ಅವರ ತಂತಿ ಬಂತು. ಇನ್ಸುಲಿನ್ ಸಿಕ್ಕಿದೆ, ಕೆಲಸ ಮಾಡುತ್ತಿದೆ, ಬೇಗ ಹೊರಡು ಎಂಬುದು ಅದರ ಸಾರಾಂಶ. ಮೇ 31ರಂದು ಅವರಿಗೆ ಮೊದಲ ಇಂಜೆಕ್ಷನ್ ಬಿತ್ತು.

ಔಷಧ ಸಿಕ್ಕಿತೆಂದು ಕಷ್ಟ ಮುಗಿಯಲಿಲ್ಲ. ಗಾಜಿನ ಸಿರಿಂಜು ಕೈಜಾರಿದರೆ ಚೂರು. ಸೂಜಿಯನ್ನು ಕುದಿಸಿ, ಮೊಂಡಾದರೆ ಕಲ್ಲಿಗೆ ಉಜ್ಜಿ, ಮತ್ತೆ ಬಳಸಬೇಕು. ಗ್ಲೂಕೋಮೀಟರ್ ಇಲ್ಲ. ಮೂತ್ರಕ್ಕೆ ಬೆನೆಡಿಕ್ಟ್ ದ್ರಾವಣ ಸೇರಿಸಿ ಕಾಯಿಸಿ ಬಣ್ಣ ನೋಡಬೇಕು. ಇದನ್ನೆಲ್ಲ ರೋಗಿಯೇ ಮನೆಯಲ್ಲಿ ಮಾಡಿಕೊಳ್ಳಬೇಕಲ್ಲ? ಅದಕ್ಕೇ ಲಾರೆನ್ಸ್ 1925ರಲ್ಲಿ ವೈದ್ಯರಿಗೂ ರೋಗಿಗಳಿಗೂ ಆಗುವಂಥ ಪುಸ್ತಕ ಬರೆದರು. ಊಟದ ಲೆಕ್ಕ ಸುಲಭವಾಗಲೆಂದು ಒಂದು ಪದ್ಧತಿಯನ್ನೂ ರೂಪಿಸಿದರು. ತಾವೇ ಚುಚ್ಚಿಕೊಳ್ಳುವ ಡಾಕ್ಟರು ಹೇಳಿದರೆ ಯಾರು ತಾನೇ ಕೇಳುವುದಿಲ್ಲ!

ಎಂಜಿನಿಯರಿಂಗ್ ಓದುವ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಿರಿಂಜಿನ ಗೀಟುಗಳ ಕಥೆ. ಬ್ರಿಟನ್ನಿನ ಸಿರಿಂಜಿನಲ್ಲಿ ಒಂದು ಮಿಲಿಲೀಟರಿಗೆ 20 ಗೀಟು. ಮೊದಲ ಇನ್ಸುಲಿನ್ ಕೂಡ ಮಿಲಿಲೀಟರಿಗೆ 20 ಯೂನಿಟ್, ಹಾಗಾಗಿ ಒಂದು ಗೀಟೆಂದರೆ ಒಂದು ಯೂನಿಟ್. ಆಮೇಲೆ 40, 80 ಯೂನಿಟ್‌ನ ಬಾಟಲಿಗಳು ಬಂದವು, ಗೀಟು ಮಾತ್ರ ಬದಲಾಗಲಿಲ್ಲ. ಅದೇ ಒಂದು ಗೀಟು ಎರಡು ಯೂನಿಟ್ಟೂ ಆಯಿತು, ನಾಲ್ಕೂ ಆಯಿತು. ರೋಗಿ ಗೀಟು ಎಂದದ್ದನ್ನು ನರ್ಸ್ ಯೂನಿಟ್ ಎಂದುಕೊಂಡರೆ ಗತಿ? ಔಷಧದ ತಪ್ಪಲ್ಲ, ಅಳತೆಗೋಲಿನ ತಪ್ಪು.

ಇನ್ಸುಲಿನ್ ಕೊಳ್ಳಲಾಗದ ಬಡವರ ಸಂಕಟವೂ ಲಾರೆನ್ಸ್ ಅವರನ್ನು ಕಾಡುತ್ತಿತ್ತು. ತಮ್ಮ ರೋಗಿಯೇ ಆಗಿದ್ದ ಕಾದಂಬರಿಕಾರ ಎಚ್.ಜಿ. ವೆಲ್ಸ್ ಜೊತೆಗೂಡಿ 1934ರಲ್ಲಿ ಮಧುಮೇಹಿಗಳ ಸಂಘ ಕಟ್ಟಿದರು. ಅದೇ ಇಂದಿನ ಡಯಾಬಿಟಿಸ್ ಯುಕೆ. 1950ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರು. ಮೂವತ್ತರ ಆಸುಪಾಸಿನಲ್ಲಿ ಸಾವು ಕಾಯುತ್ತಿದ್ದ ಮನುಷ್ಯ ಮದುವೆಯಾಗಿ, ಮೂವರು ಗಂಡುಮಕ್ಕಳ ತಂದೆಯಾಗಿ, 1968ರವರೆಗೆ ಬದುಕಿದರು. ಅಂದರೆ ಇನ್ಸುಲಿನ್ ಮೇಲೆಯೇ 45 ವರ್ಷ!

ಬ್ರಿಟನ್ 1983ರಲ್ಲಿ 100 ಯೂನಿಟ್‌ನ ಒಂದೇ ಅಳತೆಗೆ ಬದಲಾಯಿತು. ನಮ್ಮ ಮೆಡಿಕಲ್ ಶಾಪಿನಲ್ಲಿ 40 ಮತ್ತು 100 ಇನ್ನೂ ಅಕ್ಕಪಕ್ಕ ಕೂತಿವೆ. ಪೆನ್ನಿನ ಕಾರ್ಟ್ರಿಜ್ 100ರದ್ದು. ಪೆನ್ ಕೆಟ್ಟ ರಾತ್ರಿ ಅದರಿಂದ 40ರ ಸಿರಿಂಜಿಗೆ ಎಳೆದು, ಗೀಟು ನೋಡಿ 10 ಚುಚ್ಚಿಕೊಂಡರೆ ಒಳಗೆ ಹೋಗುವುದು 25 ಯೂನಿಟ್. ನಿದ್ದೆಯಲ್ಲೇ ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಹಾಗಾಗಿ ನನ್ನ ಹಾಸ್ಟೆಲ್ ಡಬ್ಬಿಯಲ್ಲಿ ಇನ್ನೊಂದು ಪೆನ್, ಮೀಟರಿಗೆ ಬೇರೆ ಸೆಲ್, ಗ್ಲೂಕೋಸ್ ಪುಡಿ, ಜೊತೆಗೆ ಕಿತ್ತಳೆ ಮುಚ್ಚಳದ 100ರ ಸಿರಿಂಜು ನಾಲ್ಕು ಇವೆ. ಕೆಂಪು ಮುಚ್ಚಳದ್ದು 40ರದ್ದು. ಅದನ್ನು ಆ ಡಬ್ಬಿಯಲ್ಲಿ ಇಡುವುದೇ ಇಲ್ಲ. ರೂಮ್‌ಮೇಟ್‌ಗೂ ಈ ಬಣ್ಣಗಳ ಲೆಕ್ಕ ಬಾಯಿಪಾಠ.