ಕೆ. ಎಸ್. ಹೆಗ್ಡೆ

ಕೌಡೂರು ಸದಾನಂದ ಹೆಗ್ಡೆ (ಜೂನ್ 11, 1909 – ಮೇ 24, 1990) ಭಾರತದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳೂ ಆರನೆಯ ಲೋಕಸಭೆಯ ಸಭಾಧ್ಯಕ್ಷರೂ ಆಗಿದ್ದವರು. 1973ರಲ್ಲಿ ತೆರವಾದ ಮುಖ್ಯ ನ್ಯಾಯಮೂರ್ತಿ ಸ್ಥಾನವನ್ನು ಕೇಂದ್ರ ಸರ್ಕಾರವು ಸೇವಾ ಹಿರಿತನವನ್ನು ಕಡೆಗಣಿಸಿ ತುಂಬಿದಾಗ ರಾಜೀನಾಮೆಯಿತ್ತ ಮೂವರು ನ್ಯಾಯಮೂರ್ತಿಗಳಲ್ಲಿ ಇವರೊಬ್ಬರು.

ಆರಂಭಿಕ ಜೀವನ

ಹೆಗ್ಡೆಯವರು ಕಾರ್ಕಳ ತಾಲೂಕಿನ ಕೌಡೂರಿನವರು. ಮದ್ರಾಸಿನಲ್ಲಿ ಕಾನೂನು ವ್ಯಾಸಂಗ ಮುಗಿಸಿ ವಕೀಲರಾದರು. 1952ರಲ್ಲಿ ಕಾಂಗ್ರೆಸ್ ಪಕ್ಷದಿಂದ ರಾಜ್ಯಸಭೆಯ ಸದಸ್ಯರಾದ ಅವರು, 1957ರಲ್ಲಿ ಆ ಸ್ಥಾನವನ್ನು ತೊರೆದು ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಪ್ರಥಮ ಮುಖ್ಯ ನ್ಯಾಯಮೂರ್ತಿಯಾಗಿ, ಮರುವರ್ಷ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿ ನೇಮಕಗೊಂಡರು.

1973ರ ನೇಮಕಾತಿ ವಿವಾದ

ಬ್ಯಾಂಕ್ ರಾಷ್ಟ್ರೀಕರಣ ಹಾಗೂ ಮಾಜಿ ಅರಸರ ರಾಜಧನಕ್ಕೆ ಸಂಬಂಧಿಸಿದ 1970ರ ತೀರ್ಪುಗಳಿಂದ ಇಂದಿರಾ ಗಾಂಧಿಯವರ ಸರ್ಕಾರಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ತಿಕ್ಕಾಟ ಬೆಳೆದಿತ್ತು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠವು, ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವ ಅಧಿಕಾರ ಸಂಸತ್ತಿಗಿಲ್ಲವೆಂದು 7–6ರ ಬಹುಮತದಿಂದ ತೀರ್ಪಿತ್ತಿತು. ಹೆಗ್ಡೆಯವರು ಬಹುಮತದ ಪರವಾಗಿದ್ದರು.

ಆ ಬೆನ್ನಿಗೇ ಮುಖ್ಯ ನ್ಯಾಯಮೂರ್ತಿ ಎಸ್. ಎಂ. ಸಿಕ್ರಿ ನಿವೃತ್ತರಾದರು. ರೂಢಿಯಂತೆ ಆ ಸ್ಥಾನ ಜೆ. ಎಂ. ಶೆಲತ್ ಅವರಿಗೆ, ಅವರ ನಿವೃತ್ತಿಯ ನಂತರ ಹೆಗ್ಡೆಯವರಿಗೆ ಸಲ್ಲಬೇಕಿತ್ತು. ಆದರೆ ಸರ್ಕಾರವು ಶೆಲತ್, ಹೆಗ್ಡೆ, ಎ. ಎನ್. ಗ್ರೋವರ್ ಮೂವರನ್ನೂ ಹಿಂದಿಕ್ಕಿ, ಅಲ್ಪಮತದಲ್ಲಿದ್ದ ಎ. ಎನ್. ರೇ ಅವರನ್ನು ನೇಮಿಸಿತು. ಮೂವರೂ ರಾಜೀನಾಮೆ ನೀಡಿದರು.

ಮುಖ್ಯ ನ್ಯಾಯಮೂರ್ತಿಯ ಆಯ್ಕೆಯಲ್ಲಿ ಅವರ ಸಾಮಾಜಿಕ ದೃಷ್ಟಿಕೋನವನ್ನೂ ಗಮನಿಸುವ ಹಕ್ಕು ಸರ್ಕಾರಕ್ಕಿದೆಯೆಂದು ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಸಮರ್ಥಿಸಿದರು. ಹಾಗಾದರೆ ಬಡ್ತಿಯ ಆಸೆಯಿಂದ ನ್ಯಾಯಾಧೀಶರು ಸರ್ಕಾರದ ಮರ್ಜಿ ಹಿಡಿಯುವಂತಾಗುತ್ತದೆ ಎಂಬುದು ವಿರೋಧ ಪಕ್ಷಗಳ ಹಾಗೂ ವಕೀಲ ಸಮುದಾಯದ ಆಕ್ಷೇಪವಾಗಿತ್ತು.

ರಾಜಕೀಯ ಮತ್ತು ಕೊನೆಯ ವರ್ಷಗಳು

ತುರ್ತುಪರಿಸ್ಥಿತಿಯ ನಂತರ, 1977ರ ಚುನಾವಣೆಯಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ದೊರೆತದ್ದು ಎರಡೇ. ಅವುಗಳಲ್ಲಿ ಒಂದು ಹೆಗ್ಡೆಯವರು ಗೆದ್ದ ಬೆಂಗಳೂರು ದಕ್ಷಿಣ. ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದಾಗ ತೆರವಾದ ಸಭಾಧ್ಯಕ್ಷ ಸ್ಥಾನಕ್ಕೆ ಆಯ್ಕೆಯಾಗಿ, 1980ರ ಜನವರಿಯವರೆಗೆ ಸೇವೆ ಸಲ್ಲಿಸಿದರು. 1979ರಲ್ಲಿ ನಿಟ್ಟೆ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳೂ ಕರ್ನಾಟಕದ ಲೋಕಾಯುಕ್ತರೂ ಆಗಿದ್ದ ಎನ್. ಸಂತೋಷ್ ಹೆಗ್ಡೆ ಇವರ ಪುತ್ರರು.

ಪರಿಣಾಮ

1977ರ ಜನವರಿಯಲ್ಲಿ ಎಚ್. ಆರ್. ಖನ್ನಾ ಅವರನ್ನೂ ಹೀಗೆಯೇ ಹಿಂದಿಕ್ಕಲಾಯಿತು. ನ್ಯಾಯಮೂರ್ತಿಗಳ ನೇಮಕಾತಿ ಕುರಿತ 1993ರ ತೀರ್ಪಿನಲ್ಲಿ, ಅರ್ಹರೆಂದು ಕಂಡುಬಂದ ಅತ್ಯಂತ ಹಿರಿಯ ನ್ಯಾಯಮೂರ್ತಿಯೇ ಮುಖ್ಯ ನ್ಯಾಯಮೂರ್ತಿಯಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಹೆಗ್ಡೆಯವರಿಗೆ ತಪ್ಪಿಹೋದ ರೂಢಿಯು, ಅವರು ತೀರಿಕೊಂಡ ಮೂರು ವರ್ಷಗಳ ನಂತರ ನ್ಯಾಯಾಲಯದ ಮನ್ನಣೆ ಪಡೆಯಿತು.