ಲಂಡನ್ ಆಲ್ಬಮ್‌ಗೆ ಮೈಸೂರಿನ ಆಸರೆ

ಕಾಲೇಜು ಫೆಸ್ಟ್‌ಗಳಲ್ಲಿ ರಾಕ್ ಬ್ಯಾಂಡ್ ಕಟ್ಟಿಕೊಂಡು ಹಾಡುವ ಗೆಳೆಯರು ನನಗೂ ಇದ್ದಾರೆ. ಸ್ವಂತ ಹಾಡುಗಳಿವೆ, ಹುಮ್ಮಸ್ಸಿದೆ. ಆದರೆ ಆಲ್ಬಮ್ ಮಾಡುವ ಮಾತು ಪ್ರತಿ ಸಲವೂ ಸ್ಟುಡಿಯೊ ಖರ್ಚಿನ ಹತ್ತಿರ ಬಂದು ನಿಂತುಬಿಡುತ್ತದೆ. ಈ ಕಷ್ಟ ಹೊಸದಲ್ಲ. 1940ರ ದಶಕದಲ್ಲಿ ಲಂಡನ್ನಿನಲ್ಲಿದ್ದ ಒಬ್ಬ ದೊಡ್ಡ ಸಂಗೀತಗಾರನಿಗೂ ಇದು ತಪ್ಪಿರಲಿಲ್ಲ. ಆಗ ಕೈಹಿಡಿದವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್.

1919ರ ಜುಲೈ 18ರಂದು ಹುಟ್ಟಿದ ಒಡೆಯರ್ ಓದಿದ್ದು ಇಲ್ಲಿನ ಮಹಾರಾಜ ಕಾಲೇಜಿನಲ್ಲಿ. ಪಿಯಾನೊ ವಾದಕರಾಗಬೇಕೆಂಬುದು ಅವರ ಆಸೆ. ಆದರೆ 1940ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು. ಐದೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. ನನಗೀಗ ಇಪ್ಪತ್ತು; ಅವರು ಸಿಂಹಾಸನ ಏರಿದಾಗ ಅವರಿಗೆ ಇಪ್ಪತ್ತೊಂದು. ವಾದಕರಾಗುವ ಕನಸು ಅಲ್ಲಿಗೆ ನಿಂತಿತು, ಸಂಗೀತ ನಿಲ್ಲಲಿಲ್ಲ. ರಾಜ್ಯದ ಕೆಲಸದ ನಡುವೆಯೇ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು.

ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಸಂಗೀತವೆಂದರೆ ಒಡೆಯರಿಗೆ ಪ್ರಾಣ. ಮೆಟ್ನರ್‌ಗೆ ಅರವತ್ತು ದಾಟಿತ್ತು, ಹೃದಯದ ಕಾಯಿಲೆಯಿತ್ತು, ಯುದ್ಧದಿಂದ ಆದಾಯವೂ ಕುಸಿದಿತ್ತು. ಅವರೇ ನುಡಿಸಿದ್ದು ಉಳಿಯಬೇಕಾದರೆ ತಡಮಾಡುವಂತಿರಲಿಲ್ಲ. ಒಡೆಯರ್ ಮೆಟ್ನರ್ ಸೊಸೈಟಿ ಸ್ಥಾಪಿಸಿ ಧ್ವನಿಮುದ್ರಣದ ಖರ್ಚು ಹೊತ್ತರು. ಎಚ್‌ಎಂವಿ ಆ ರೆಕಾರ್ಡ್‌ಗಳನ್ನು ಹೊರತಂದಿತು.

ಅಂದಿನ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ. ಅರ್ಧ ಗಂಟೆ ಮೀರಿದ ಒಂದು ಕಾಂಚೆರ್ಟೊವನ್ನು ತುಂಡು ತುಂಡಾಗಿ ನುಡಿಸಿ ಹಲವು ತಟ್ಟೆಗಳಲ್ಲಿ ತುಂಬಬೇಕಿತ್ತು. ಅವನ್ನು ಫೋಟೊ ಆಲ್ಬಮ್‌ನಂಥ ಪುಸ್ತಕದಲ್ಲಿಟ್ಟು ಮಾರುತ್ತಿದ್ದರು. ಆಲ್ಬಮ್ ಎಂಬ ಹೆಸರು ಬಂದದ್ದೇ ಹಾಗೆ. ಈ ಕ್ರಮದಲ್ಲೇ ಮೆಟ್ನರ್ ತಮ್ಮ ಮೂರೂ ಪಿಯಾನೊ ಕಾಂಚೆರ್ಟೊಗಳನ್ನು ಫಿಲಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ನುಡಿಸಿ ಮುಗಿಸಿದರು. ಮೂರನೆಯದನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಅವರು ತೀರಿಕೊಂಡರು. ಇನ್ನು ಕೆಲವೇ ವರ್ಷ ತಡವಾಗಿದ್ದರೆ ಆ ಬೆರಳುಗಳ ನಾದ ನಮಗೆ ಸಿಗುತ್ತಿರಲಿಲ್ಲ.

ರಿಚರ್ಡ್ ಸ್ಟ್ರಾಸ್‌ ಅವರ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿ ಕೇಳಿಬಂದದ್ದೂ ಒಡೆಯರ್ ನೆರವಿನಿಂದಲೇ. ಇತ್ತ ಕರ್ನಾಟಕ ಸಂಗೀತದಲ್ಲಿ ಅವರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಮುಂದೆ ಮೈಸೂರು, ಮದ್ರಾಸ್ ರಾಜ್ಯಗಳ ರಾಜ್ಯಪಾಲರಾಗಿದ್ದು, 1974ರಲ್ಲಿ ನಿಧನರಾದರು.

ಅರಮನೆಯ ಹಣ ನಮ್ಮಲ್ಲಿಲ್ಲ, ನಿಜ. ಆದರೆ ಹಣವಿದ್ದವರೆಲ್ಲ ಇಂಥ ಕೆಲಸ ಮಾಡುವುದೂ ಇಲ್ಲ. ತಾನು ಏರಲಾಗದ ವೇದಿಕೆಯ ಮೇಲೆ ಇನ್ನೊಬ್ಬನನ್ನು ಕಂಡು ಹೊಟ್ಟೆಕಿಚ್ಚು ಪಡುವುದು ಸುಲಭ. ಒಡೆಯರ್ ಆ ವೇದಿಕೆಯನ್ನೇ ಗಟ್ಟಿ ಮಾಡಿದರು. ಓದು, ಕೆಲಸದ ಹುಡುಕಾಟದಲ್ಲಿ ಗಿಟಾರ್ ಕೆಳಗಿಟ್ಟವರು ನಮ್ಮಲ್ಲೂ ಹಲವರಿದ್ದಾರೆ. ಗೆಳೆಯರ ಆಲ್ಬಮ್‌ಗೆ ಐನೂರು ರೂಪಾಯಿ ಕೊಡುವುದು, ಮಿಕ್ಸಿಂಗ್ ಕಲಿತು ನೆರವಾಗುವುದು ಅವರಿಗೂ ಸಾಧ್ಯ. ಹಾಡು ಉಳಿಯುವುದಕ್ಕೆ ಹಾಡುವವನಷ್ಟೇ ಸಾಲದು.