ನೀಲಿ ಉರಿಯ ಮಾಸ್ತರ: ರಾಬರ್ಟ್ ಬುನ್ಸೆನ್

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವಳು. ರಸಾಯನ ವಿಜ್ಞಾನಿಯೊಬ್ಬರ ಜೀವನ ಬರೆಯಲು ನಿನಗೇನು ಸಂಬಂಧ ಎಂದು ವಿಜ್ಞಾನ ವಿಭಾಗದ ಗೆಳತಿಯರು ಈಗಾಗಲೇ ಕೇಳಿದ್ದಾರೆ. ಸಂಬಂಧ ನಮ್ಮ ಅಡುಗೆಮನೆಯಲ್ಲಿದೆ. ಅದನ್ನು ಮೊದಲು ಹೇಳಿ, ಆಮೇಲೆ ಬುನ್ಸೆನ್ ಅವರ ಕಡೆಗೆ ಬರುತ್ತೇನೆ.

ನಮ್ಮ ಮನೆಯ ಖರ್ಚಿನ ವಹಿ ಬರೆಯುವ ಕೆಲಸ ನನ್ನದು. ಹಾಲು, ಜೋಳ, ವಿದ್ಯುತ್ ಬಿಲ್ಲು, ಗ್ಯಾಸ್ ಸಿಲಿಂಡರ್, ಎಲ್ಲದಕ್ಕೂ ಒಂದೊಂದು ಕಲಂ ಇದೆ. ಕಳೆದ ಚಳಿಗಾಲದಲ್ಲಿ ಸಿಲಿಂಡರಿನ ಕಲಂ ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲು 32 ದಿನ ಬರುತ್ತಿದ್ದ ಸಿಲಿಂಡರ್ 26 ದಿನಕ್ಕೇ ಮುಗಿದಿತ್ತು. ಮನೆಯಲ್ಲಿ ಒಬ್ಬರು ಹೆಚ್ಚಾಗಿದ್ದು ನಿಜ. ದಾದಿ ತಿಕೋಟಾದಿಂದ ಔಷಧೋಪಚಾರಕ್ಕೆಂದು ವಿಜಯಪುರಕ್ಕೆ ಬಂದಿದ್ದರು. ಆದರೆ ಒಬ್ಬರ ಚಹಾ, ರೊಟ್ಟಿಗೆ ಇಷ್ಟು ಗ್ಯಾಸ್ ಬೇಕಾಗುವುದಿಲ್ಲ. ಒಲೆಯ ಹತ್ತಿರ ಹೋಗಿ ನೋಡಿದಾಗ ಕಾರಣ ಕಂಡಿತು. ಉರಿ ಹಳದಿಯಾಗಿತ್ತು. ಬೋಗುಣಿಗಳ ತಳಕ್ಕೆಲ್ಲ ಮಸಿ ಹತ್ತಿತ್ತು.

ರಿಪೇರಿಯವರನ್ನು ಕರೆಸಿದರೆ ದುಡ್ಡು ಹೋಗುತ್ತದೆ ಎಂದು ನಾನೇ ರಿಪೇರಿಗೆ ಕುಳಿತೆ. ಅಮ್ಮಿಯ ಹೊಲಿಗೆ ಯಂತ್ರದ ಸೂಜಿ ತೆಗೆದುಕೊಂಡು ಒಲೆಯ ಜೆಟ್ ಎಂಬ ಸಣ್ಣ ಹಿತ್ತಾಳೆ ತೂತಿನಲ್ಲಿ ಚೆನ್ನಾಗಿ ತಿರುವಿದೆ. ಹಚ್ಚಿ ನೋಡಿದರೆ ಉರಿ ದೊಡ್ಡದಾಗಿತ್ತು. ಹಳದಿ ಹಾಗೇ ಇದ್ದರೂ ಕೆಲಸ ಆಯಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಮರುದಿನ ಫಜ್ರ್ ನಮಾಜಿನ ಹೊತ್ತಿಗೆ ಹಾಲು ಕಾಯಲು ಇಟ್ಟು, ಅಡುಗೆಮನೆಯ ದೀಪ ಆರಿಸಿ, ಪುಸ್ತಕ ಹಿಡಿದು ಹೊರಗಿನ ಕೋಣೆಗೆ ಬಂದೆ. ಉರಿ ದೊಡ್ಡದಾಗಿದ್ದರಿಂದ ಹಾಲು ದಿನಕ್ಕಿಂತ ಬೇಗ ಉಕ್ಕಿ ಒಲೆಯನ್ನು ಆರಿಸಿತು. ಗ್ಯಾಸ್ ಮಾತ್ರ ಬರುತ್ತಲೇ ಇತ್ತು. ಬೆಚ್ಚಗಿರುತ್ತದೆ ಎಂದು ದಾದಿ ಅಡುಗೆಮನೆಯ ನೆಲದ ಮೇಲೆಯೇ ಚಾಪೆ ಹಾಸಿ ಮಲಗುತ್ತಿದ್ದರು. ಅವರು ಕೆಮ್ಮುತ್ತ ನನ್ನನ್ನು ಕೂಗಿದಾಗ ಒಳಗೆ ಓಡಿದೆ. ಕತ್ತಲಿತ್ತು. ನನ್ನ ಕೈ ದೀಪದ ಸ್ವಿಚ್ಚಿನ ಮೇಲೆ ಹೋಗಿತ್ತು. ಹಿಂದೆಯೇ ಬಂದ ಅಬ್ಬಾ ಕೈ ಹಿಡಿದು ಎಳೆದರು. ರೆಗ್ಯುಲೇಟರ್ ಬಂದ್ ಮಾಡಿದರು, ಬಾಗಿಲು ಕಿಟಕಿ ತೆಗೆದರು, ದಾದಿಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದರು. ಅಲ್ಲಾಹನ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ. ಸ್ವಿಚ್ಚಿನೊಳಗಿನ ಒಂದು ಸಣ್ಣ ಕಿಡಿ ಸಾಕಾಗಿತ್ತು.

ಅಂದು ಬೆಳಿಗ್ಗೆ ಒಲೆ ರಿಪೇರಿಯ ಚಾಚಾ ಬಂದರು. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದ ಕೂಡಲೇ ಇದರಲ್ಲಿ ಸೂಜಿ ಹಾಕಿದವರು ಯಾರು ಎಂದು ಕೇಳಿದರು. ಅಮ್ಮಿ, ಅಬ್ಬಾ ಒಬ್ಬರ ಮುಖ ಒಬ್ಬರು ನೋಡಿದರು. ನಾನೇ ಎಂದು ಹೇಳುವುದು ಬಹಳ ಕಷ್ಟವಾಯಿತು, ಆದರೂ ಹೇಳಿದೆ. ಹಿತ್ತಾಳೆ ಮೆತ್ತಗಿನ ಲೋಹ. ಸೂಜಿ ಹಾಕಿದರೆ ತೂತು ಅಗಲವಾಗುತ್ತದೆ, ಗ್ಯಾಸ್ ಹೆಚ್ಚು ಬರುತ್ತದೆ, ಅದಕ್ಕೆ ತಕ್ಕ ಗಾಳಿ ಮಾತ್ರ ಸಿಗುವುದಿಲ್ಲ ಎಂದು ಅವರು ತಿಳಿಸಿದರು. ಹೊಸ ಜೆಟ್ ಹಾಕಿದರು. ಬರ್ನರಿನ ಕೊಳವೆಯೊಳಗಿಂದ ಜೇಡರ ಬಲೆ ತೆಗೆದರು. ಮೊದಲಿನ ಹಳದಿ ಉರಿಗೆ ನಿಜವಾದ ಕಾರಣ ಆ ಬಲೆಯೇ ಆಗಿತ್ತು.

ಬೆಂಕಿಗೂ ಗಾಳಿಗೂ ಇರುವ ಈ ಲೆಕ್ಕವೇನು ಎಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಡಂ ಅವರನ್ನು ಕೇಳಿದೆ. ಅವರು ಪ್ರಯೋಗಾಲಯಕ್ಕೆ ಕರೆದೊಯ್ದು ಒಂದು ಬರ್ನರ್ ಹಚ್ಚಿದರು. ಅದರ ಬುಡದ ಬಳೆಯನ್ನು ತಿರುಗಿಸಿದಂತೆ ಹಳದಿ ಉರಿ ನೀಲಿಯಾಯಿತು. ಆ ಬರ್ನರಿನ ಹೆಸರು ಬುನ್ಸೆನ್ ಬರ್ನರ್. ಆ ಹೆಸರಿನ ಮನುಷ್ಯನ ಬಗ್ಗೆ ಓದಬೇಕು ಎನ್ನಿಸಿದ್ದು ಆಗಲೇ.

ರಾಬರ್ಟ್ ವಿಲ್ಹೆಲ್ಮ್ ಬುನ್ಸೆನ್ 1811ರಲ್ಲಿ ಜರ್ಮನಿಯ ಗಾಟಿಂಗೆನ್ ನಗರದಲ್ಲಿ ಹುಟ್ಟಿದರು. ನಾಲ್ವರು ಗಂಡುಮಕ್ಕಳಲ್ಲಿ ಅವರೇ ಕಿರಿಯರು. ತಂದೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರೂ ಪ್ರಾಧ್ಯಾಪಕರೂ ಆಗಿದ್ದರು. ಬುನ್ಸೆನ್ ಅದೇ ವಿಶ್ವವಿದ್ಯಾಲಯದಲ್ಲಿ ಓದಿ, ಇಪ್ಪತ್ತರ ಆಸುಪಾಸಿನಲ್ಲೇ ಡಾಕ್ಟರೇಟ್ ಪಡೆದರು. ಮುಂದೆ ಯುರೋಪಿನ ಹಲವು ಊರುಗಳಲ್ಲಿ ಸುತ್ತಾಡಿ ಕಾರ್ಖಾನೆಗಳನ್ನೂ ಪ್ರಯೋಗಾಲಯಗಳನ್ನೂ ನೋಡಿ ಬಂದರು.

ಅವರ ಮೊದಲ ದೊಡ್ಡ ಕೆಲಸ ಜೀವ ಉಳಿಸುವಂಥದ್ದು. ಆರ್ಸೆನಿಕ್ ಎಂಬ ಪಾಷಾಣ ಹೊಟ್ಟೆಗೆ ಹೋದರೆ ಕಬ್ಬಿಣದ ಒಂದು ಸಂಯುಕ್ತ ಅದನ್ನು ಹಿಡಿದಿಟ್ಟು ವಿಷವನ್ನು ತಡೆಯಬಲ್ಲದು ಎಂಬುದನ್ನು 1834ರಲ್ಲಿ ಅವರು ಬರ್ಥೋಲ್ಡ್ ಎಂಬ ವೈದ್ಯರ ಜೊತೆ ಸೇರಿ ಕಂಡುಕೊಂಡರು. 1836ರಲ್ಲಿ ಕಾಸೆಲ್ ಎಂಬ ಊರಿನ ಶಾಲೆಗೆ ಮಾಸ್ತರರಾಗಿ ಹೋದರು. ಅಲ್ಲಿ ಅದೇ ಆರ್ಸೆನಿಕ್ಕಿನಿಂದಾದ ಕ್ಯಾಕೊಡಿಲ್ ಎಂಬ ಪದಾರ್ಥಗಳ ಅಧ್ಯಯನ ಹಿಡಿದರು. ಇವು ಕೆಟ್ಟ ವಾಸನೆಯವು, ವಿಷದವು, ಗಾಳಿ ತಗುಲಿದರೆ ತಾವೇ ಹೊತ್ತಿಕೊಳ್ಳುವಂಥವು. ಆ ಸಂಶೋಧನೆಯ ವರ್ಷಗಳಲ್ಲಿ ಒಂದು ಸ್ಫೋಟವಾಯಿತು. ಗಾಜಿನ ಚೂರು ಹಾರಿ ಬಂದು ಅವರ ಬಲಗಣ್ಣಿನ ದೃಷ್ಟಿ ಹೋಯಿತು. ವಿಷ ಏರಿ ಸಾವಿನ ಹತ್ತಿರಕ್ಕೂ ಹೋಗಿ ಬಂದರು.

ಈ ಭಾಗ ಓದುವಾಗ ನನಗೆ ಸ್ವಿಚ್ಚಿನ ಮೇಲಿದ್ದ ನನ್ನ ಕೈ ನೆನಪಾಯಿತು. ಅವರು ಆ ಕೆಲಸವನ್ನು ಪೂರ್ತಿಗೊಳಿಸಿದರು, ಆದರೆ ಆಮೇಲೆ ಅಂಥ ಪದಾರ್ಥಗಳ ದಾರಿಗೆ ಹೆಚ್ಚಾಗಿ ಹೋಗಲಿಲ್ಲ. ಉಳಿದ ಅರುವತ್ತು ವರ್ಷಗಳಷ್ಟು ಜೀವನದ ಕೆಲಸವನ್ನೆಲ್ಲ ಒಂದೇ ಕಣ್ಣಿನಿಂದ ಮಾಡಿದರು.

ವಾಣಿಜ್ಯದವರಾದ ನಮಗೆ ಹಿಡಿಸುವ ಅಧ್ಯಾಯ ಇದರ ನಂತರ ಬರುತ್ತದೆ. ಆ ಕಾಲದಲ್ಲಿ ಕಬ್ಬಿಣ ತೆಗೆಯುವ ಊದುಕುಲುಮೆಗಳ ಬಾಯಿಂದ ಬಿಸಿ ಅನಿಲಗಳು ಸುಮ್ಮನೆ ಹೊರಗೆ ಹೋಗುತ್ತಿದ್ದವು. ಬುನ್ಸೆನ್ ಆ ಅನಿಲಗಳನ್ನು ಹಿಡಿದು ಅಳೆದರು. ಜರ್ಮನಿಯ ಇದ್ದಿಲು ಕುಲುಮೆಗಳಲ್ಲಿ ಉರುವಲಿನ ಅರ್ಧಕ್ಕಿಂತ ಹೆಚ್ಚು ಶಾಖ ಹಾಳಾಗುತ್ತಿದೆ ಎಂದು ತೋರಿಸಿದರು. 1845ರಲ್ಲಿ ಲಿಯಾನ್ ಪ್ಲೇಫೇರ್ ಅವರ ಜೊತೆ ಇಂಗ್ಲೆಂಡಿನ ಕುಲುಮೆಗಳನ್ನು ಅಳೆದಾಗ ಅಲ್ಲಿಯ ನಷ್ಟ ನೂರಕ್ಕೆ 80ಕ್ಕೂ ಮೀರಿತ್ತು. ಆ ಅನಿಲವನ್ನು ಮತ್ತೆ ಉರಿಸಿ ಬಳಸಬಹುದು ಎಂದೂ ತಿಳಿಸಿದರು. ಸಿಲಿಂಡರ್ 26 ದಿನಕ್ಕೆ ಮುಗಿದದ್ದನ್ನು ನಾನು ವಹಿಯಲ್ಲಿ ಕಂಡಂತೆ, ಅವರು ಇಡೀ ಉದ್ಯಮದ ನಷ್ಟವನ್ನು ಲೆಕ್ಕದಲ್ಲಿ ಕಂಡರು. ಒಂದೇ ವ್ಯತ್ಯಾಸ, ಅವರು ಮೊದಲು ಅಳೆದು ಆಮೇಲೆ ಕೈ ಹಾಕುತ್ತಿದ್ದರು. 1841ರಲ್ಲಿ ಬ್ಯಾಟರಿಯೊಳಗಿನ ದುಬಾರಿ ಪ್ಲಾಟಿನಮ್ ತೆಗೆದು ಅಗ್ಗದ ಇಂಗಾಲ ಹಾಕಿ ಕೆಲಸ ಮಾಡಿಸಿದವರೂ ಅವರೇ.

ಮಾರ್ಬರ್ಗ್, ಬ್ರೆಸ್ಲಾವ್ ಊರುಗಳಲ್ಲಿ ಕಲಿಸಿ 1852ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಅವರಿಗಾಗಿ ಹೊಸ ಪ್ರಯೋಗಾಲಯ ಕಟ್ಟಲಾಯಿತು. ಆ ಹೊತ್ತಿಗೆ ಊರಿಗೆ ಕಲ್ಲಿದ್ದಲಿನ ಗ್ಯಾಸ್ ಬಂದಿತ್ತು, ಬೀದಿದೀಪಗಳು ಅದರಿಂದ ಉರಿಯುತ್ತಿದ್ದವು. ಆದರೆ ದೀಪಕ್ಕೆ ಬೇಕಾದ ಹಳದಿ ಬೆಳಕು ಪ್ರಯೋಗಕ್ಕೆ ಬೇಡ. ಅದರಲ್ಲಿ ಮಸಿ ಹೆಚ್ಚು, ಶಾಖ ಕಡಿಮೆ. ಗ್ಯಾಸ್ ಉರಿಯುವ ಮೊದಲೇ ಅದಕ್ಕೆ ಗಾಳಿ ಬೆರೆಸಿದರೆ ಹೇಗೆ ಎಂದು ಬುನ್ಸೆನ್ ಯೋಚಿಸಿದರು. ವಿಶ್ವವಿದ್ಯಾಲಯದ ಕುಶಲಕರ್ಮಿ ಪೀಟರ್ ಡೆಸಾಗಾ ಅದನ್ನು ಲೋಹದಲ್ಲಿ ಮಾಡಿಕೊಟ್ಟರು. ಮೈಕೆಲ್ ಫ್ಯಾರಡೆ ಮೊದಲಾದವರು ಇಂಥ ಪ್ರಯತ್ನ ಮಾಡಿದ್ದರೂ, 1855ರ ಈ ಬರ್ನರ್ ಎಲ್ಲ ಪ್ರಯೋಗಾಲಯಗಳಿಗೂ ಹೋಯಿತು.

ಅದರ ಕೆಲಸ ಸರಳ. ಸಣ್ಣ ತೂತಿನಿಂದ ಗ್ಯಾಸ್ ರಭಸವಾಗಿ ಮೇಲೆ ನುಗ್ಗುತ್ತದೆ. ಆ ರಭಸಕ್ಕೆ ಬುಡದ ಕಿಂಡಿಗಳಿಂದ ಗಾಳಿ ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಕೊಳವೆಯಲ್ಲಿ ಎರಡೂ ಬೆರೆತು ಮೇಲೆ ಉರಿಯುತ್ತವೆ. ಗಾಳಿ ಸಾಕಷ್ಟಿದ್ದರೆ ಉರಿ ನೀಲಿ. ಕಡಿಮೆಯಾದರೆ ಇಂಗಾಲ ಪೂರ್ತಿ ಉರಿಯದೆ ಹಳದಿ ಬೆಳಕು, ಮಸಿ, ಜೊತೆಗೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ನಮ್ಮ ಮನೆಗಳ ಗ್ಯಾಸ್ ಒಲೆ, ಬಚ್ಚಲಿನ ಗ್ಯಾಸ್ ಗೀಸರ್, ಚಳಿ ದೇಶಗಳಲ್ಲಿ ಇಡೀ ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಕುಲುಮೆ, ಇವೆಲ್ಲ ನಡೆಯುವುದು ಇದೇ ಲೆಕ್ಕದ ಮೇಲೆ. ಅದಕ್ಕೇ ಆ ದೇಶಗಳಲ್ಲಿ ಚಳಿ ಶುರುವಾಗುವ ಮೊದಲು ಬಲ್ಲವರನ್ನು ಕರೆಸಿ ಕುಲುಮೆಯ ಉರಿ, ಹೊಗೆ ಕೊಳವೆ ಪರೀಕ್ಷೆ ಮಾಡಿಸುವ ಪದ್ಧತಿ ಇದೆ.

ಬುನ್ಸೆನ್ ತಮ್ಮ ಬರ್ನರಿಗೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಲೆಕ್ಕಶಾಸ್ತ್ರದಲ್ಲಿ ಪೇಟೆಂಟನ್ನು ಆಸ್ತಿಯ ಕಡೆಗೆ ಬರೆಯಬೇಕೆಂದು ನಾವು ಕಲಿತಿದ್ದೇವೆ. ಅವರ ಪಟ್ಟಿಯಲ್ಲಿ ಆ ಆಸ್ತಿಯೇ ಇಲ್ಲ. ಸಂಶೋಧನೆಯಿಂದ ಹಣ ಮಾಡುವುದು ಅವರಿಗೆ ಬೇಕಿರಲಿಲ್ಲ. ಇದನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದೆ. ಯಾರು ಬೇಕಾದರೂ ಮಾಡಿಕೊಳ್ಳಬಹುದಾಗಿದ್ದರಿಂದಲೇ ಅದು ನಮ್ಮ ಕಾಲೇಜಿನ ಮೇಜಿನವರೆಗೂ ಬಂದಿರಬೇಕು.

ಆ ಬಣ್ಣವಿಲ್ಲದ ಉರಿಯಿಂದ ಇನ್ನೊಂದು ದೊಡ್ಡ ಕೆಲಸವಾಯಿತು. ಅದರಲ್ಲಿ ಯಾವ ಲವಣ ಹಿಡಿದರೂ ಅದರ ಸ್ವಂತ ಬಣ್ಣ ಸ್ಪಷ್ಟವಾಗಿ ಕಾಣುತ್ತಿತ್ತು. ಗೆಳೆಯ ಗುಸ್ಟಾವ್ ಕಿರ್ಕಾಫ್ ಅವರ ಜೊತೆ ಸೇರಿ ಆ ಬೆಳಕನ್ನು ಪಟ್ಟಕದ ಮೂಲಕ ಬಿಡಿಸಿ ನೋಡುವ ಉಪಕರಣ ರೂಪಿಸಿದರು. ಒಂದೊಂದು ಮೂಲವಸ್ತುವಿಗೂ ಅದರದೇ ಗೆರೆಗಳು. 1860ರಲ್ಲಿ ನೀಲಿ ಗೆರೆಗಳಿಂದ ಸೀಸಿಯಮ್, 1861ರಲ್ಲಿ ಕೆಂಪು ಗೆರೆಗಳಿಂದ ರುಬಿಡಿಯಮ್ ಎಂಬ ಎರಡು ಹೊಸ ಮೂಲವಸ್ತುಗಳು ಸಿಕ್ಕವು. ಕೆಲವೇ ಗ್ರಾಂ ಲವಣಕ್ಕಾಗಿ ಸುಮಾರು 40 ಟನ್ ಖನಿಜಜಲವನ್ನು ಇಂಗಿಸಬೇಕಾಯಿತು. ದಾಲ್ ಉಕ್ಕಿದಾಗ ನಮ್ಮ ಒಲೆಯಲ್ಲಿ ಕ್ಷಣಹೊತ್ತು ಕಾಣುವ ಹಳದಿ ಕಿಡಿಯೂ ಇದೇ ಜಾತಿಯದು. ಅದು ಉಪ್ಪಿನೊಳಗಿನ ಸೋಡಿಯಮ್. ಅದಕ್ಕೆ ಹೆದರಬೇಕಿಲ್ಲ. ಮಸಿ ಹತ್ತಿಸುತ್ತ ಹಳದಿಯಾಗಿಯೇ ಉಳಿಯುವ ಉರಿಗೆ ಮಾತ್ರ ಹೆದರಬೇಕು.

ಬುನ್ಸೆನ್ ಮದುವೆಯಾಗಲಿಲ್ಲ. ವಿದ್ಯಾರ್ಥಿಗಳೇ ಅವರ ಬಳಗ. 1889ರಲ್ಲಿ, 78ನೆಯ ವಯಸ್ಸಿನಲ್ಲಿ ನಿವೃತ್ತರಾದರು. 1899ರ ಆಗಸ್ಟ್ 16ರಂದು ಹೈಡೆಲ್‌ಬರ್ಗಿನಲ್ಲಿ ತೀರಿಕೊಂಡರು.

ಅವರ ಜೀವನ ಓದಿದ ಮೇಲೆ, ರಿಪೇರಿ ಚಾಚಾ ಹೇಳಿದ್ದನ್ನೂ ಸೇರಿಸಿ, ನನ್ನ ವಹಿಯ ಕೊನೆಯ ಪುಟದಲ್ಲಿ ಕೆಲವು ಸಾಲು ಬರೆದಿಟ್ಟಿದ್ದೇನೆ. ನಿಮ್ಮ ಮನೆಗೂ ಬೇಕಾಗಬಹುದು.

ಒಲೆ ತಣ್ಣಗಾದ ಮೇಲೆ, ರೆಗ್ಯುಲೇಟರ್ ಬಂದ್ ಮಾಡಿ, ಬರ್ನರಿನ ಮುಚ್ಚಳ ತೊಳೆದು ಪೂರ್ತಿ ಒಣಗಿಸಿ ಇಡುವುದು ನಮ್ಮ ಕೆಲಸ. ಜೆಟ್, ವಾಲ್ವ್, ರೆಗ್ಯುಲೇಟರ್ ಬಿಚ್ಚುವುದು ನಮ್ಮ ಕೆಲಸವಲ್ಲ. ಪೈಪಿನ ಮೇಲೆ ಐಎಸ್‌ಐ ಗುರುತು, ಅವಧಿ ಅಚ್ಚಾಗಿರುತ್ತದೆ. 5 ವರ್ಷಕ್ಕೆ, ಬಿರುಕು ಕಂಡರೆ ಅದಕ್ಕೂ ಮೊದಲು, ಬದಲಿಸಬೇಕು. ಸೋರಿಕೆಯ ಅನುಮಾನವಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಬೇಕು. ಕಡ್ಡಿ ಗೀರಿ ನೋಡುವುದು ಹುಚ್ಚುತನ. ಸಿಲಿಂಡರ್ ತೆಗೆದುಕೊಳ್ಳುವಾಗ ಮೇಲಿನ ಪಟ್ಟಿಯ ಮೇಲೆ ಬರೆದ ಅಕ್ಷರ ಓದಬೇಕು. ಬಿ-27 ಎಂದಿದ್ದರೆ 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಮತ್ತೆ ಪರೀಕ್ಷಿಸಬೇಕು ಎಂದು ಅರ್ಥ. ಅವಧಿ ಮುಗಿದಿದ್ದರೆ ಬೇಡವೆನ್ನಬೇಕು.

ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ದು ತಿಳಿಯಲೆಂದೇ ವಾಸನೆ ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಆದ್ದರಿಂದ ಅಡುಗೆಮನೆಯ ನೆಲದ ಮೇಲೆ ಯಾರನ್ನೂ ಮಲಗಿಸಬಾರದು. ವಾಸನೆ ಬಂದರೆ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. ಊದುಬತ್ತಿ, ದೀಪ ಇದ್ದರೆ ನಂದಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳಿಸಬೇಕು. ಹೊರಗೆ ನಿಂತು 1906ಕ್ಕೆ ಫೋನ್ ಮಾಡಬೇಕು.

ಈದ್‌ಗೆ ಬಬಲೇಶ್ವರದ ಖಾಲಾ ಮನೆಗೆ ಹೋದಾಗ, ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಸಿದ್ದನ್ನು ನೋಡಿದೆ. ಉರಿ ನೀಲಿಯೇ ಇತ್ತು. ಆದರೂ ಮುಚ್ಚಿದ ಕೋಣೆಯಲ್ಲಿ ಗಾಳಿ ತೀರಿದರೆ ಅದೇ ವಿಷಾನಿಲ ಹುಟ್ಟುತ್ತದೆ. ನಾನು ಬುನ್ಸೆನ್ ಕಥೆಯನ್ನೂ, ನನ್ನ ಸೂಜಿಯ ಕಥೆಯನ್ನೂ ಹೇಳಿದೆ. ಖಾಲೂ ಮೊದಲು ನಕ್ಕರು. ಮುಂದಿನ ವಾರ ಗೀಸರನ್ನು ಹೊರಗಿನ ಗೋಡೆಗೆ ಸಾಗಿಸಿದ್ದಾಗಿ ಖಾಲಾ ಫೋನ್ ಮಾಡಿ ತಿಳಿಸಿದರು.

ದಾದಿ ಈಗ ತಿಕೋಟಾಕ್ಕೆ ಮರಳಿದ್ದಾರೆ. ಇಲ್ಲಿಗೆ ಬಂದಾಗ ನನ್ನ ಕೋಣೆಯಲ್ಲೇ ಮಲಗುತ್ತಾರೆ. ನಮ್ಮ ಒಲೆಯ ಉರಿ ನೀಲಿಯಾಗಿದೆ. ಕಳೆದ ಸಿಲಿಂಡರ್ 33 ದಿನ ಬಂತು. ವಹಿಯಲ್ಲಿ ಆ ಅಂಕಿಯ ಪಕ್ಕದಲ್ಲೇ ರಿಪೇರಿ ಚಾಚಾಗೆ ಕೊಟ್ಟ ಹಣವನ್ನೂ ಬರೆದಿದ್ದೇನೆ. ಆ ಖರ್ಚು ಉಳಿಸಲು ಹೋಗಿ ನಾನು ಏನನ್ನು ಪಣಕ್ಕಿಟ್ಟಿದ್ದೆ ಎಂಬುದಕ್ಕೆ ಮಾತ್ರ ವಹಿಯಲ್ಲಿ ಕಲಂ ಇಲ್ಲ.